ಸುಣ್ಣ ಬಳಿದ ಗೋಡೆ: ಷೇಮಸ್ ಹೀನಿಯವರ ಕಾವ್ಯದಲ್ಲಿ ನೆರೆಹೊರೆ

ಹಬ್ಬ ಹತ್ತಿರವಾದಾಗ ಮನೆಯ ಗೋಡೆಗೆ ಸುಣ್ಣ ಬಳಿದ ನೆನಪು ನಿಮ್ಮಲ್ಲಿ ಅನೇಕರಿಗೆ ಇರಬಹುದು. ಬಳಿಯುವಾಗ ಅದು ಬೂದುಬಣ್ಣದ ನೀರಿನಂತೆ ಕಾಣುತ್ತದೆ. ಒಣಗುತ್ತ ಹೋದಂತೆಲ್ಲ ಬೆಳ್ಳಗಾಗಿ, ಸಂಜೆಯ ಹೊತ್ತಿಗೆ ಇಡೀ ಮನೆ ಹೊಸದಾಗುತ್ತದೆ. ಸುಣ್ಣಕ್ಕೆ ಎರಡು ಗುಣಗಳಿವೆ. ಅದು ಗೋಡೆಯನ್ನು ಶುಚಿಗೊಳಿಸಿ ಮನೆಯನ್ನು ವಾಸಕ್ಕೆ ಹಸನಾಗಿಸುತ್ತದೆ. ಕಲೆಯಿದ್ದರೆ ಅದನ್ನು ಮುಚ್ಚಿಯೂ ಬಿಡುತ್ತದೆ. ಕಪಟಿಗಳನ್ನು ಗದರಿಸುವಾಗ ಯೇಸುಸ್ವಾಮಿ ಸುಣ್ಣ ಬಳಿದ ಸಮಾಧಿಯ ಉಪಮೆಯನ್ನು ಬಳಸಿದ್ದು ಈ ಎರಡನೆಯ ಗುಣವನ್ನು ಬಲ್ಲವರಾಗಿ.

ಇದೇ ಸುಣ್ಣ ಐರ್ಲೆಂಡಿನ ಕವಿ ಷೇಮಸ್ ಹೀನಿಯವರ ಕಾವ್ಯದಲ್ಲಿ ಮೂರು ಬಾರಿ, ಮೂರು ಬೇರೆ ಬೇರೆ ಅರ್ಥಗಳಲ್ಲಿ ಬರುತ್ತದೆ. 1972ರ ಒಂದು ಕವಿತೆಯಲ್ಲಿ, 1984ರ ಇನ್ನೊಂದರಲ್ಲಿ, 1996ರ ಮತ್ತೊಂದರಲ್ಲಿ. ಈ ಮೂರನ್ನೂ ಒಟ್ಟಿಗೆ ಇಟ್ಟು ಓದಿದರೆ, ಕಲಹದ ನಾಡಿನ ಹಳ್ಳಿಯೊಂದರಲ್ಲಿ ಬೆಳೆದ ಒಬ್ಬ ಮನುಷ್ಯ ತನ್ನ ನೆರೆಹೊರೆಯ ಬಗ್ಗೆ ಸತ್ಯವನ್ನು ಹೇಳಲು ಎಷ್ಟು ಕಾಲ ತೆಗೆದುಕೊಂಡ, ಎಷ್ಟು ಸಲ ತನ್ನನ್ನೇ ತಿದ್ದಿಕೊಂಡ ಎಂಬುದು ತಿಳಿಯುತ್ತದೆ. ಹೀನಿಯವರ ಹಿರಿಮೆ ಅವರ ಸೊಗಸಾದ ಮಾತಿನಲ್ಲಿದೆ ಎಂದು ಬಹಳ ಮಂದಿ ಹೇಳಿದ್ದಾರೆ. ಆ ಸೊಗಸನ್ನೇ ಅವರು ಕಟಕಟೆಯಲ್ಲಿ ನಿಲ್ಲಿಸಿದರು ಎಂಬುದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಮೊದಲು ಹಿನ್ನೆಲೆಯನ್ನು ಸ್ವಲ್ಪ ತಿಳಿಯೋಣ. 1921ರಲ್ಲಿ ಐರ್ಲೆಂಡ್ ಇಬ್ಭಾಗವಾಗಿ, ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನೊಂದಿಗೇ ಉಳಿದವು. ಅಲ್ಲಿ ಬಹುಸಂಖ್ಯಾತರಾದ ಪ್ರೊಟೆಸ್ಟೆಂಟರು ಬ್ರಿಟನ್ನಿನ ನಂಟನ್ನು ಬಯಸಿದರು. ಅಲ್ಪಸಂಖ್ಯಾತರಾದ ಕಥೋಲಿಕರಲ್ಲಿ ಹೆಚ್ಚಿನವರು ಒಂದೇ ಐರ್ಲೆಂಡನ್ನು ಬಯಸಿದರು. ಮನೆ ಹಂಚಿಕೆ, ಉದ್ಯೋಗ, ಚುನಾವಣಾ ಕ್ಷೇತ್ರಗಳ ಗಡಿ, ಎಲ್ಲದರಲ್ಲಿಯೂ ಕಥೋಲಿಕರಿಗೆ ತಾರತಮ್ಯವಿತ್ತು. 1968ರಲ್ಲಿ ನಾಗರಿಕ ಹಕ್ಕುಗಳ ಮೆರವಣಿಗೆಗಳು ಹೊರಟವು. 1969ರ ಆಗಸ್ಟಿನಲ್ಲಿ ಬ್ರಿಟಿಷ್ ಸೈನ್ಯ ಬೀದಿಗಿಳಿಯಿತು. 1998ರ ಏಪ್ರಿಲ್ 10ರಂದು, ಶುಭ ಶುಕ್ರವಾರದಂದೇ, ಶಾಂತಿ ಒಪ್ಪಂದವಾಗುವ ಹೊತ್ತಿಗೆ ಆ ಪುಟ್ಟ ನಾಡಿನ ಕಲಹ 3,500ರಷ್ಟು ಜನರನ್ನು ಬಲಿ ತೆಗೆದುಕೊಂಡಿತ್ತು. ಇದು ಧರ್ಮತತ್ವದ ಜಗಳವಾಗಿರಲಿಲ್ಲ. ನೆಲ, ಆಳ್ವಿಕೆ, ಅನ್ನ ಇವುಗಳ ಜಗಳ. ಆದರೆ ಎರಡು ಪಾಳೆಯಗಳೂ ಗುರುತಿಗೆ ಹಿಡಿದ ಹೆಸರು ಕ್ರಿಸ್ತನ ಸಭೆಗಳದ್ದು. ಕ್ರೈಸ್ತರಾದ ನಾವು ಈ ಮಾತನ್ನು ತಲೆ ತಗ್ಗಿಸಿಯೇ ಕೇಳಬೇಕಾಗಿದೆ.

ಹೀನಿ ಹುಟ್ಟಿದ್ದು 1939ರ ಏಪ್ರಿಲ್ 13ರಂದು, ಡೆರಿ ಜಿಲ್ಲೆಯ ಮಾಸ್‌ಬಾನ್ ಎಂಬ ಹೊಲಮನೆಯಲ್ಲಿ. ಒಂಬತ್ತು ಮಕ್ಕಳಲ್ಲಿ ಹಿರಿಯವರು. ತಂದೆ ರೈತರು, ದನದ ವ್ಯಾಪಾರಿ. ಹುಲ್ಲು ಹೊದೆಸಿದ ಮೂರು ಕೋಣೆಗಳ ಮನೆ. ಗೋಡೆಯ ಆಚೆಗೇ ಕುದುರೆಯ ಲಾಯ. ಹತ್ತಿರದಲ್ಲಿ ರೈಲು ಹೋದರೆ ಒಳಮನೆಯ ಬಕೆಟ್ಟಿನಲ್ಲಿದ್ದ ಕುಡಿಯುವ ನೀರು ನವಿರಾಗಿ ಕಂಪಿಸುತ್ತಿತ್ತು ಎಂದು ಅವರು ನೆನಪಿಸಿಕೊಂಡಿದ್ದಾರೆ. ಅನಹೋರಿಶ್ ಎಂಬ ಊರಿನ ಶಾಲೆಯಲ್ಲಿ ಎರಡೂ ಪಂಗಡದ ಮಕ್ಕಳು ಒಟ್ಟಿಗೆ ಕಲಿಯುತ್ತಿದ್ದರು. 1951ರಲ್ಲಿ ವಿದ್ಯಾರ್ಥಿವೇತನ ಪಡೆದು ಡೆರಿ ನಗರದ ಕಥೋಲಿಕ ವಸತಿ ಶಾಲೆಗೆ ಹೋದರು. ದೊಡ್ಡ ಹಿಂಸೆ ಸಿಡಿದಾಗ ಅವರಿಗೆ 30 ವರ್ಷ. ಹಾಗಾದರೆ ಅವರ ಬಾಲ್ಯಕ್ಕೂ ಕಲಹಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಬೆಂಕಿ ಹತ್ತುವ ಮೊದಲೇ ಸೌದೆ ಒಣಗಿತ್ತು. ಆ ಒಣಗುವಿಕೆಯ ನಡುವೆಯೇ ಅವರು ಬೆಳೆದರು. ಹಿಂಸೆ ಆರಂಭವಾದ ಮೇಲೆ ತಮ್ಮ ಬಾಲ್ಯವನ್ನು ಅವರು ಎರಡನೆಯ ಬಾರಿ ಓದಬೇಕಾಯಿತು.

ಆ ಹಳ್ಳಿಯಲ್ಲಿ ದ್ವೇಷ ಕಣ್ಣಿಗೆ ಬೀಳುತ್ತಿರಲಿಲ್ಲ. ಕಾಣುತ್ತಿದ್ದುದು ಸೌಜನ್ಯ. ಮಳೆ, ಬೆಳೆ, ದನದ ಧಾರಣೆ ಇವುಗಳ ಬಗ್ಗೆ ಎಷ್ಟಾದರೂ ಮಾತನಾಡಬಹುದು. ಅದರಾಚೆಗೆ ಬಾಯಿ ಬಿಡಬಾರದು. ಹೆಸರು ಕೇಳಿದರೆ, ಓದಿದ ಶಾಲೆ ಕೇಳಿದರೆ ಪಂಗಡ ತಿಳಿದುಬಿಡುತ್ತಿತ್ತು. ತಿಳಿದ ಮೇಲೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಇನ್ನೊಂದು ಪಂಗಡದವರನ್ನು ಮರ್ಯಾದೆಯಿಂದ ಸೂಚಿಸಲು 'ಆಚೆ ಕಡೆಯವರು' ಎನ್ನುತ್ತಿದ್ದರು. ಅದನ್ನೇ ಹೀನಿ ಕವಿತೆಯೊಂದರ ಹೆಸರಾಗಿಸಿದರು. ಅದು 1972ರ 'ವಿಂಟರಿಂಗ್ ಔಟ್' ಸಂಕಲನದ 'ದಿ ಅದರ್ ಸೈಡ್'.

ಈ ಕವಿತೆಯಲ್ಲಿ ಬರುವವರು ನೆರೆಹೊಲದ ಮುದುಕ, ಪ್ರೊಟೆಸ್ಟೆಂಟ್. ಹೀನಿಯವರ ಮನೆಯ ಹೊಲ ಜೌಗು. ಅವರದು ಫಲವತ್ತಾದ ನೆಲ. ತೊರೆಯ ಆಚೆ ನಿಂತು ಈಚೆಯ ನೆಲದ ಬಡತನವನ್ನು ಬೈಬಲಿನ ಗತ್ತಿನಲ್ಲಿ ತೂಗಿ ಹೇಳುತ್ತಾರೆ. ಕಥೋಲಿಕರಾದ ನೀವು ಪವಿತ್ರ ಗ್ರಂಥದಂತೆ ನಡೆಯುವುದೇ ಇಲ್ಲವಲ್ಲ ಎಂಬ ಟೀಕೆಯೂ ಅವರಿಂದ ಬರುತ್ತದೆ. ಅವರ ಮನಸ್ಸನ್ನು ಕವಿ ಬಣ್ಣಿಸುವುದು ಸುಣ್ಣ ಬಳಿದ ಅಡುಗೆಮನೆಯಾಗಿ. ಗೋಡೆಯ ಮೇಲೆ ದೇವವಾಕ್ಯಗಳ ಫಲಕಗಳು, ಕಸವಿಲ್ಲದ ನೆಲ, ಎಲ್ಲವೂ ಚೊಕ್ಕಟ. ಇದು ಮೊದಲನೆಯ ಸುಣ್ಣ. ಇಲ್ಲಿ ಸಣ್ಣದೊಂದು ನಗೆಯಿದೆ, ಗೌರವವೂ ಇದೆ. ಆದರೆ ಇದು ಹೊರಗಿನಿಂದ ನೋಡಿದ ನೋಟ. ನೆರೆಯವರ ಮನಸ್ಸಿನ ಗೋಡೆಯನ್ನು ಕವಿ ಕಂಡಿದ್ದಾರೆ, ಒಳಗೆ ಹೋಗಿಲ್ಲ.

ಕವಿತೆಯ ಕೊನೆಯ ಭಾಗ ನಮ್ಮ ಮನೆಗಳಿಗೆ ಬಹಳ ಸಮೀಪವಾದದ್ದು. ಸಂಜೆ ಹೀನಿಯವರ ಮನೆಯಲ್ಲಿ ಜಪಸರ ನಡೆಯುತ್ತಿದೆ. ಮಕ್ಕಳಿಗೆ ಅದು ಉದ್ದವೆನಿಸುತ್ತಿದೆ. ಮನೆಯ ಮಗ್ಗುಲಲ್ಲಿ ಹೆಜ್ಜೆಯ ಸದ್ದು ಕೇಳಿಸುತ್ತದೆ, ಆದರೆ ಬಾಗಿಲು ಬಡಿಯುವುದಿಲ್ಲ. ಮನವಿಮಾಲೆ ಮುಗಿದ ಮೇಲೆಯೇ ಮೆಲ್ಲನೆ ಕದ ತಟ್ಟಿ, ಸುಮ್ಮನೆ ಈ ಕಡೆ ಬಂದೆ ಎಂಬಂತೆ ಮುದುಕ ಮಾತು ತೆಗೆಯುತ್ತಾರೆ. ಅಷ್ಟು ಹೊತ್ತು ಅವರು ಕತ್ತಲ ಅಂಗಳದಲ್ಲಿ ನಿಂತಿದ್ದರು. ಬೇರೆಯವರ ಅಳುವನ್ನು ಅಕಸ್ಮಾತ್ ಕೇಳಿಸಿಕೊಂಡವರ ಸಂಕೋಚ ಅವರದು. ಈಗ ದೊಡ್ಡವರಾದ ಕವಿ, ಕಲ್ಪನೆಯಲ್ಲಿ, ಅದೇ ಅಂಗಳದಲ್ಲಿ ಅವರ ಬೆನ್ನ ಹಿಂದೆ ನಿಂತು ಯೋಚಿಸುತ್ತಾರೆ: ಸದ್ದಿಲ್ಲದೆ ಸರಿದುಹೋಗಲೇ? ಅವರ ಭುಜ ಮುಟ್ಟಿ ಹವೆಯ ಬಗ್ಗೆ, ಹುಲ್ಲುಬೀಜದ ಬೆಲೆಯ ಬಗ್ಗೆ ಒಂದು ಮಾತನಾಡಲೇ? ಕವಿತೆ ಆ ಪ್ರಶ್ನೆಯಲ್ಲಿಯೇ ಮುಗಿಯುತ್ತದೆ. ಕೈ ಮುಂದೆ ಹೋಗಿತೋ ಇಲ್ಲವೋ, ನಮಗೆ ತಿಳಿಯುವುದಿಲ್ಲ. 1972ರಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಆ ವರ್ಷದ ಜನವರಿ 30ರಂದು ಡೆರಿ ನಗರದಲ್ಲಿ ಸೈನಿಕರ ಗುಂಡಿಗೆ 13 ಜನ ಅಂದೇ ಸತ್ತಿದ್ದರು. ಕವಿ ಪ್ರಾಮಾಣಿಕರಾಗಿದ್ದುದರಿಂದಲೇ ಕವಿತೆಯನ್ನು ಅಪ್ಪುಗೆಯಲ್ಲಿ ಮುಗಿಸಲಿಲ್ಲ.

ಈ ಸೌಜನ್ಯದ ತಳದಲ್ಲಿ ಭಯವಿತ್ತು ಎಂಬುದನ್ನು 1975ರ 'ನಾರ್ತ್' ಸಂಕಲನದ ಒಂದು ಕವಿತೆ ಹೇಳುತ್ತದೆ. ಅದರ ಹೆಸರು 'ಎ ಕಾನ್‌ಸ್ಟೇಬಲ್ ಕಾಲ್ಸ್'. ಪೊಲೀಸಿನವರೊಬ್ಬರು ಸೈಕಲ್ಲಿನಲ್ಲಿ ಬಂದು ತಂದೆಯಿಂದ ಬೆಳೆಯ ಲೆಕ್ಕ ಬರೆದುಕೊಳ್ಳುತ್ತಾರೆ. ದಪ್ಪ ದಫ್ತರ, ಸೊಂಟದಲ್ಲಿ ರಿವಾಲ್ವರ್. ಹುಡುಗ ಪಕ್ಕದಲ್ಲಿ ನಿಂತಿದ್ದಾನೆ. ಹೊಲದಂಚಿನ ಒಂದು ಸಾಲು ಟರ್ನಿಪ್ ಗೆಡ್ಡೆಯನ್ನು ತಂದೆ ಲೆಕ್ಕಕ್ಕೆ ಹೇಳಲಿಲ್ಲ ಎಂಬುದು ಅವನಿಗೆ ಗೊತ್ತು. ತಂದೆ ಸೆರೆಮನೆಗೆ ಹೋಗುತ್ತಾರೆ ಎಂದು ಅವನ ಎದೆ ಹೊಡೆದುಕೊಳ್ಳುತ್ತದೆ. ನಡೆದದ್ದು ಏನೂ ಇಲ್ಲ. ಪೊಲೀಸರು ಒಂದು ಮಾತು ಹೇಳಿ ಸೈಕಲ್ ಏರಿ ಹೋಗುತ್ತಾರೆ. ಆದರೆ ಸರ್ಕಾರ ತನ್ನದಲ್ಲ ಎಂದು ಮಗುವಿಗೆ ಮೊದಲು ತಿಳಿಯುವುದು ಇಂಥ ಸಣ್ಣ ಕ್ಷಣದಲ್ಲಿ. ಕಲಹದ ಚರಿತ್ರೆ ಬರೆಯುವವರು ದೊಡ್ಡ ಸ್ಫೋಟಗಳನ್ನು ಎಣಿಸುತ್ತಾರೆ. ಒಂದು ಸಾಲು ಗೆಡ್ಡೆಯ ಭಯವನ್ನು ದಾಖಲಿಸಲು ಕವಿಯೇ ಬೇಕು.

ಇದೇ 'ನಾರ್ತ್' ಸಂಕಲನ ಟೀಕೆಗೂ ಗುರಿಯಾಯಿತು. ಡೆನ್ಮಾರ್ಕಿನ ಜೌಗುನೆಲದಲ್ಲಿ ಸಿಕ್ಕ ಪ್ರಾಚೀನ ಕಾಲದ ಬಲಿಯ ಶವಗಳನ್ನು ಹೀನಿ ತಮ್ಮ ನಾಡಿನ ಕೊಲೆಗಳೊಂದಿಗೆ ಹೋಲಿಸಿದ್ದರು. ಹೀಗೆ ಮಾಡಿದರೆ ಕೊಲೆ ಒಂದು ಪುರಾಣವಾಗಿಬಿಡುತ್ತದೆ, ಕೊಂದವರ ಹೊಣೆ ತಪ್ಪಿಹೋಗುತ್ತದೆ ಎಂದು ಬೆಲ್‌ಫಾಸ್ಟಿನ ಕವಿ ಕಿಯಾರನ್ ಕಾರ್ಸನ್ ಆಕ್ಷೇಪಿಸಿದರು. ಆಕ್ಷೇಪದಲ್ಲಿ ನಿಜವಿದೆ. ಸಾವಿರಾರು ವರ್ಷ ಹಳೆಯ ಶವ ಎಷ್ಟು ಸುಂದರವಾಗಿ ವರ್ಣಿತವಾದರೂ ಅದರ ತಾಯಿ ಬಂದು ಅಳುವುದಿಲ್ಲ. ನಿನ್ನೆ ಸತ್ತವನ ತಾಯಿ ಪಕ್ಕದ ಬೀದಿಯಲ್ಲಿಯೇ ಇರುತ್ತಾಳೆ.

ಕವಿಯ ಮನೆತನಕ್ಕೇ ಸಾವು ಬಂದದ್ದು ಆ ವರ್ಷದ ಆಗಸ್ಟಿನಲ್ಲಿ. ಡಬ್ಲಿನ್ನಿನಲ್ಲಿ ಫುಟ್‌ಬಾಲ್ ಪಂದ್ಯ ನೋಡಿ ರಾತ್ರಿ ಮನೆಗೆ ಮರಳುತ್ತಿದ್ದ ಅವರ ದಾಯಾದಿ ಯುವಕನನ್ನು ದಾರಿಯಲ್ಲಿ ತಡೆದು ಗುಂಡಿಟ್ಟು ಕೊಂದರು. ಪಂಗಡದ ಹೆಸರಿನಲ್ಲಿ ನಡೆದ ಕೊಲೆ ಅದು. 1979ರ 'ಫೀಲ್ಡ್ ವರ್ಕ್' ಸಂಕಲನದಲ್ಲಿ ಅವನಿಗಾಗಿ ಬರೆದ ಶೋಕಗೀತೆಯಿದೆ. ಮಂಜು ಮುಸುಕಿದ ಸರೋವರದ ದಡ, ಮೇಯುತ್ತಿರುವ ದನಗಳು. ಕೊನೆಯಲ್ಲಿ ಕವಿ ಮಂಡಿಯೂರಿ, ಮುಂಜಾನೆಯ ಇಬ್ಬನಿಯಿಂದ ಅವನ ಮೈಯ ನೆತ್ತರನ್ನೂ ಕೆಸರನ್ನೂ ಒರೆಸಿ, ಜೊಂಡುಹುಲ್ಲನ್ನು ಹೆಣೆದು ಹಸಿರು ಉತ್ತರೀಯ ಮಾಡಿ ಶವವಸ್ತ್ರದ ಮೇಲೆ ಹೊದಿಸುತ್ತಾರೆ. ಓದುವಾಗ ಕಣ್ಣು ತೇವವಾಗುತ್ತದೆ. ಶಿಲುಬೆಯಿಂದ ಇಳಿಸಿದ ಪ್ರಭುವಿನ ದೇಹ ನೆನಪಾಗುತ್ತದೆ. ಇಲ್ಲಿಗೇ ನಿಂತಿದ್ದರೆ ನಾವೆಲ್ಲ ಕವಿಯನ್ನು ಹೊಗಳಿ ಪುಸ್ತಕ ಮುಚ್ಚಿಡುತ್ತಿದ್ದೆವು.

ಆದರೆ ಹೀನಿ ಅಲ್ಲಿಗೆ ನಿಲ್ಲಲಿಲ್ಲ. 1984ರ 'ಸ್ಟೇಷನ್ ಐಲೆಂಡ್' ಎಂಬ ನೀಳ್ಗವನಕ್ಕೆ ಅವರು ಆರಿಸಿದ ಸ್ಥಳ ಡಾನಿಗಾಲ್ ಜಿಲ್ಲೆಯ ಲಾಕ್ ಡೆರ್ಗ್ ಸರೋವರದ ದ್ವೀಪ. ಸಂತ ಪ್ಯಾಟ್ರಿಕರ ಹೆಸರಿನ ಆ ಪುಣ್ಯಕ್ಷೇತ್ರದಲ್ಲಿ ಯಾತ್ರಿಕರು ಮೂರು ದಿನ ಬರಿಗಾಲಲ್ಲಿ, ಒಣ ರೊಟ್ಟಿ ಮತ್ತು ಕಪ್ಪು ಚಹಾದ ಉಪವಾಸದಲ್ಲಿ, ಒಂದು ರಾತ್ರಿ ನಿದ್ದೆಗೆಟ್ಟು ಪ್ರಾಯಶ್ಚಿತ್ತ ಮಾಡುತ್ತಾರೆ. ಕವಿಯೂ ಯೌವನದಲ್ಲಿ ಅಲ್ಲಿಗೆ ಹೋಗಿದ್ದವರು. ಕವನದಲ್ಲಿ ಸತ್ತವರು ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಕೆಸರು ಮೆತ್ತಿದ ಆ ದಾಯಾದಿಯೂ ಬರುತ್ತಾನೆ. ಅವನು ಕೃತಜ್ಞತೆ ಹೇಳುವುದಿಲ್ಲ, ದೂರುತ್ತಾನೆ. ತನ್ನ ಸಾವಿನ ಸುದ್ದಿ ಬಂದಾಗ ನೀನು ಕವಿಗಳ ಜೊತೆಯಲ್ಲಿ ಇದ್ದೆ, ಎದ್ದು ಬರಲಿಲ್ಲ ಎನ್ನುತ್ತಾನೆ. ಕೊಂದವನ ಜೊತೆಗೆ ಕವಿಯನ್ನೂ ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸುತ್ತಾನೆ. ನನ್ನ ಸಾವಿನ ವಿಕಾರಕ್ಕೆ ಸುಣ್ಣ ಬಳಿದೆ, ಇಬ್ಬನಿಯ ಸಿಹಿ ಬೆರೆಸಿದೆ ಎಂಬುದು ಅವನ ಆರೋಪದ ತಿರುಳು.

ಇದು ಎರಡನೆಯ ಸುಣ್ಣ. ಐದು ವರ್ಷಗಳ ಹಿಂದೆ ತಾವೇ ಬರೆದು ಎಲ್ಲರಿಂದ ಮೆಚ್ಚುಗೆ ಪಡೆದ ಶೋಕಗೀತೆಯ ಮೇಲೆ ಕವಿ ತಾವೇ ಹೊರಿಸಿಕೊಂಡ ದೋಷಾರೋಪ. ಪಾಪನಿವೇದನೆಯ ಪೀಠದ ಮುಂದೆ ಮಂಡಿಯೂರಿದವರಿಗೆ ಇದರ ಕಷ್ಟ ಗೊತ್ತು. ಕೆಟ್ಟ ಕೆಲಸವನ್ನು ತಪ್ಪೆಂದು ಒಪ್ಪಿಕೊಳ್ಳುವುದು ಸುಲಭ. ನಮ್ಮ ಒಳ್ಳೆಯ ಕೆಲಸದೊಳಗೆ ಅಡಗಿದ್ದ ಆತ್ಮಪ್ರೀತಿಯನ್ನು ಒಪ್ಪಿಕೊಳ್ಳುವುದು ಕಠಿಣ. ಆದರೂ ಒಂದು ಮಾತು ಸೇರಿಸಬೇಕು. ಈ ಆರೋಪವೂ ಕವಿ ಬರೆದದ್ದೇ, ಸತ್ತವನು ಆಡಿದ್ದಲ್ಲ. ತನ್ನನ್ನು ತಾನೇ ಹಳಿದುಕೊಳ್ಳುವುದೂ ಕೆಲವೊಮ್ಮೆ ಒಂದು ಬಗೆಯ ಸೊಗಸಾಗಬಲ್ಲದು. ಹೀಗಾಗಿ ಅವರ ತಿದ್ದುಪಡಿ ನಿಜವಾಗಿತ್ತೇ ಎಂಬುದಕ್ಕೆ ಸಾಕ್ಷಿಯನ್ನು ಆ ಆರೋಪದಲ್ಲಿ ಹುಡುಕಬಾರದು, ಅನಂತರ ಅವರು ಬರೆದ ರೀತಿಯಲ್ಲಿ ಹುಡುಕಬೇಕು.

ಆ ಸಾಕ್ಷಿ ಎರಡು ಕಡೆ ಸಿಗುತ್ತದೆ. ಮೊದಲನೆಯದು 1995ರ ಡಿಸೆಂಬರಿನಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸುವಾಗ ಸ್ಟಾಕ್‌ಹೋಮಿನಲ್ಲಿ ಮಾಡಿದ ಭಾಷಣ. ಅದರಲ್ಲಿ ಅವರು 1976ರ ಜನವರಿಯ ಒಂದು ಸಂಜೆಯನ್ನು ನೆನೆಯುತ್ತಾರೆ. ಹಿಂದಿನ ದಿನವಷ್ಟೇ ಎರಡು ಕಥೋಲಿಕ ಮನೆಗಳಿಗೆ ನುಗ್ಗಿದ ಬಂದೂಕುಧಾರಿಗಳು ಅಣ್ಣತಮ್ಮಂದಿರನ್ನು ಕೊಂದಿದ್ದರು. 5ನೆಯ ತಾರೀಕು ಅರ್ಮಾ ಜಿಲ್ಲೆಯ ಕಿಂಗ್ಸ್‌ಮಿಲ್ ಬಳಿ, ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದ ಕಾರ್ಮಿಕರ ವ್ಯಾನನ್ನು ಮುಸುಕುಧಾರಿಗಳು ತಡೆದರು. ಎಲ್ಲರನ್ನೂ ರಸ್ತೆಬದಿಯಲ್ಲಿ ನಿಲ್ಲಿಸಿ, ಕಥೋಲಿಕರು ಯಾರಿದ್ದರೂ ಮುಂದೆ ಬನ್ನಿ ಎಂದರು. ಇದ್ದವನು ಒಬ್ಬನೇ ಕಥೋಲಿಕ, ಉಳಿದವರೆಲ್ಲ ಪ್ರೊಟೆಸ್ಟೆಂಟರು. ಬಂದವರು ಕಥೋಲಿಕರನ್ನು ಕೊಲ್ಲಲು ಬಂದಿದ್ದಾರೆ ಎಂದೇ ಎಲ್ಲರೂ ಭಾವಿಸಿದರು. ಆಗ ಪಕ್ಕದಲ್ಲಿದ್ದ ಪ್ರೊಟೆಸ್ಟೆಂಟ್ ಗೆಳೆಯ ಕತ್ತಲಲ್ಲಿ ಅವನ ಕೈಯನ್ನು ಅದುಮಿದ: ಅಲ್ಲಾಡಬೇಡ, ನಿನ್ನನ್ನು ನಾವು ಬಿಟ್ಟುಕೊಡುವುದಿಲ್ಲ ಎಂಬ ಸಂಜ್ಞೆ. ಆದರೂ ಆ ಮನುಷ್ಯ ಮುಂದೆ ಬಂದ. ಅವನನ್ನು ಪಕ್ಕಕ್ಕೆ ತಳ್ಳಿ, ಉಳಿದವರ ಮೇಲೆ ಗುಂಡು ಹಾರಿಸಿದರು. 10 ಜನ ಸತ್ತರು. ಒಬ್ಬರು ತೀವ್ರ ಗಾಯಗಳೊಂದಿಗೆ ಬದುಕುಳಿದರು. ಬಂದವರು ಕಥೋಲಿಕ ಪಕ್ಷದ ಬಂದೂಕುಧಾರಿಗಳಾಗಿದ್ದರು.

ನಾವು ಬಯಸುವ ನಾಳೆ ಆ ಕೈಯ ಅದುಮುವಿಕೆಯಲ್ಲಿದೆ, ಗುಂಡಿನಲ್ಲಿಲ್ಲ ಎಂಬುದು ಹೀನಿಯವರ ನಿಲುವು. ಇದೂ ಸುಣ್ಣವೇ ಅಲ್ಲವೇ ಎಂದು ನೀವು ಕೇಳಬಹುದು. ನನಗೆ ಹಾಗೆ ತೋರುವುದಿಲ್ಲ. 1979ರಲ್ಲಿ ಇಬ್ಬನಿ ಬಂದು ನೆತ್ತರನ್ನು ತೊಳೆದಿತ್ತು. ಇಲ್ಲಿ ಕೈ ಯಾವ ನೆತ್ತರನ್ನೂ ತೊಳೆಯುವುದಿಲ್ಲ. ಸತ್ತವರು ಸತ್ತೇ ಇದ್ದಾರೆ. ಕೊಂದವರು ತನ್ನದೇ ಪಂಗಡದ ಹೆಸರು ಹೇಳಿಕೊಳ್ಳುವವರು ಎಂಬುದನ್ನೂ ಅವರು ಮುಚ್ಚಿಡುವುದಿಲ್ಲ. ಇನ್ನೊಂದನ್ನು ಗಮನಿಸಿ. 1972ರ ಕವಿತೆಯಲ್ಲಿ ನೆರೆಯವರ ಭುಜದತ್ತ ಚಾಚಲೋ ಬೇಡವೋ ಎಂದು ಅಳುಕಿದ ಕೈ ಕವಿಯದು. ಈ ಭಾಷಣದಲ್ಲಿ ಮುಂದೆ ಬಂದ ಕೈ ಆಚೆ ಕಡೆಯವನದು. ಕಥೋಲಿಕ ಹಳ್ಳಿಗ ತನ್ನ ಪ್ರಶ್ನೆಗೆ ಉತ್ತರವನ್ನು ಇನ್ನೊಬ್ಬನ ಕೈಯಿಂದ ಪಡೆಯುತ್ತಾನೆ.

ಎರಡನೆಯ ಸಾಕ್ಷಿ 1996ರ 'ದ ಸ್ಪಿರಿಟ್ ಲೆವೆಲ್' ಸಂಕಲನದ 'ಕೀಪಿಂಗ್ ಗೋಯಿಂಗ್'. ಅದು ಊರಿನಲ್ಲಿಯೇ ಉಳಿದು ಹೊಲ ನೋಡಿಕೊಂಡ ತಮ್ಮನನ್ನು ಕುರಿತದ್ದು. ಬಾಲ್ಯದಲ್ಲಿ ಈ ತಮ್ಮ ಸುಣ್ಣದ ಕುಂಚವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕುರ್ಚಿಯನ್ನು ತಲೆಕೆಳಗಾಗಿ ಹೆಗಲಿಗೇರಿಸಿ, ಬ್ಯಾಗ್‌ಪೈಪ್ ವಾದ್ಯದವನಂತೆ ನಟಿಸಿ ಎಲ್ಲರನ್ನೂ ನಗಿಸುತ್ತಿದ್ದ. ಅದೇ ಕುಂಚದಿಂದ ಮನೆಗೆ ಸುಣ್ಣ ಬಳಿಯುವ ಸಂಭ್ರಮ, ಬೂದು ಬಣ್ಣ ಬೆಳ್ಳಗಾಗುವ ಅಚ್ಚರಿ ಕವಿತೆಯಲ್ಲಿದೆ. ಆಮೇಲೆ ದೃಶ್ಯ ಬದಲಾಗುತ್ತದೆ. ಪೇಟೆಯ ಚೌಕದಲ್ಲಿ, ದಿನವೂ ಒರಗಿ ನಿಲ್ಲುತ್ತಿದ್ದ ಗೋಡೆಯ ಮುಂದೆ, ಅರೆಕಾಲಿಕ ಮೀಸಲು ಪಡೆಯವನೊಬ್ಬನನ್ನು ಕಾರಿನಲ್ಲಿ ಬಂದವರು ಗುಂಡಿಟ್ಟು ಕೊಲ್ಲುತ್ತಾರೆ. ಬಿಳಿ ಸುಣ್ಣದ ಮೇಲೆ ನೆತ್ತರು ಸಿಡಿಯುತ್ತದೆ.

ಇದು ಮೂರನೆಯ ಸುಣ್ಣ. ಕಲೆಯನ್ನು ಮುಚ್ಚುವ ಬಿಳುಪು ಇಲ್ಲಿ ಕಲೆಯನ್ನು ತೋರಿಸುವ ಬಿಳುಪಾಗಿದೆ. ಇಂಥ ಪಡೆಗಳಲ್ಲಿ ಬಹುಪಾಲು ಪ್ರೊಟೆಸ್ಟೆಂಟರೇ ಇದ್ದರು. ಅಂದರೆ ಕವಿ ಈಗ ನೋಡುತ್ತಿರುವುದು ಆಚೆ ಕಡೆಯವರ ಸಾವನ್ನು. ಇಬ್ಬನಿಯಿಲ್ಲ, ಉತ್ತರೀಯವಿಲ್ಲ. ಕಂಡದ್ದನ್ನು ಕಂಡಂತೆ ಹೇಳಿದ್ದಾರೆ. ಕೊನೆಯಲ್ಲಿ ತಮ್ಮ ಟ್ರ್ಯಾಕ್ಟರ್ ಓಡಿಸುತ್ತ, ದಾರಿಯಲ್ಲಿ ಸಿಕ್ಕವರಿಗೆ ಕೈಬೀಸಿ ನಗುತ್ತ ಹೋಗುತ್ತಾನೆ. ಸತ್ತವರನ್ನು ಎಬ್ಬಿಸಲು, ಅನ್ಯಾಯವನ್ನು ಸರಿಪಡಿಸಲು ಅವನಿಂದಾಗದು ಎಂದು ಕವಿ ಸ್ಪಷ್ಟವಾಗಿ ಒಪ್ಪುತ್ತಾರೆ. ಅವನು ದನಗಳ ಹಾಲು ಕರೆಯುತ್ತಾನೆ, ಹಳೆಯ ನಂಟುಗಳನ್ನು ಕಡಿಯಗೊಡದೆ ಬಾಳುತ್ತಾನೆ, ಅಷ್ಟೆ. ನಾಡು ಬಿಟ್ಟು 1972ರಲ್ಲೇ ದಕ್ಷಿಣಕ್ಕೆ ಹೋದ ಅಣ್ಣ, ಅಲ್ಲಿಯೇ ಉಳಿದ ತಮ್ಮನಿಗೆ ಸಲ್ಲಿಸಿದ ಗೌರವ ಇದು. ಈ ಗೌರವದಲ್ಲಿ ತಪ್ಪೊಪ್ಪಿಗೆಯೂ ಸೇರಿದೆ ಎಂದು ನನಗನಿಸುತ್ತದೆ.

ಹೀನಿಯವರಲ್ಲಿ ಕೊರತೆಗಳಿಲ್ಲವೆಂದಲ್ಲ. ನೆರೆಯ ಮುದುಕ ಕೊನೆಯವರೆಗೂ ಅಂಗಳದಲ್ಲಿಯೇ ನಿಂತಿದ್ದಾರೆ. ಅವರ ಮನೆಯೊಳಗಿನ ಭಯವೇನು, ಅವರ ಮಕ್ಕಳು ಏನಾದರು ಎಂಬುದು ಈ ಕವಿತೆಯಲ್ಲಿ ಬರುವುದಿಲ್ಲ. ಗಂಡಸರ ಹೊಲ, ಗಂಡಸರ ಸಾವು ಈ ಕವಿತೆಗಳನ್ನು ತುಂಬಿವೆ. ಸತ್ತವರ ಹೆಂಡತಿಯರು ದೂರದಲ್ಲಿ ಉಳಿಯುತ್ತಾರೆ. ಆದರೂ ತಾನು ಬರೆದುದನ್ನು ತಾನೇ ಪ್ರಶ್ನಿಸಿ, ಹನ್ನೆರಡು ವರ್ಷಗಳ ಅನಂತರ ಅದೇ ಪ್ರತಿಮೆಗೆ ಮರಳಿ ಅದನ್ನು ನೇರಗೊಳಿಸಿದ ಕವಿಗಳು ವಿರಳ. 2013ರ ಆಗಸ್ಟ್ 30ರಂದು ಅವರು ತೀರಿಕೊಂಡರು. ಕೊನೆಯ ಗಳಿಗೆಯಲ್ಲಿ ಪತ್ನಿಗೆ ಫೋನಿನಲ್ಲಿ ಕಳುಹಿಸಿದ ಸಂದೇಶ ಲ್ಯಾಟಿನ್ ಭಾಷೆಯಲ್ಲಿತ್ತು. ಅದರ ಅರ್ಥ 'ಅಂಜಬೇಡ'. ಅಂತ್ಯಕ್ರಿಯೆಯ ದಿನ ಅವರ ಮಗ ಇದನ್ನು ತಿಳಿಸಿದರು. ಅವರ ದೇಹವನ್ನು ಹುಟ್ಟೂರಿನ ಸಮೀಪದ ಬೆಲಾಹಿ ಗ್ರಾಮದಲ್ಲಿ ಮಣ್ಣು ಮಾಡಲಾಯಿತು.

ಪ್ರಿಯ ಓದುಗರೇ, ಐರ್ಲೆಂಡಿನ ಕಲಹ ಅಲ್ಲಿಯದು. ಅದನ್ನು ಎತ್ತಿ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸುವ ಅಗತ್ಯವಿಲ್ಲ. ಆದರೆ ಮಕ್ಕಳಿಗೆ ನೆರೆಹೊರೆಯ ಕಥೆಯನ್ನು ಹೇಳುವ ಹೊಣೆ ಎಲ್ಲ ಮನೆಗಳಿಗೂ ಇದೆ. ಹಳೆಯ ಜಗಳವೊಂದು ನೆನಪಾದಾಗ ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತೇವೆ. ಅವರ ತಪ್ಪನ್ನು ಎಣಿಸುತ್ತೇವೆ, ಇಲ್ಲವೇ ಏನೂ ಆಗಿಲ್ಲವೆಂಬಂತೆ ಸುಣ್ಣ ಬಳಿಯುತ್ತೇವೆ. ಮೂರನೆಯ ದಾರಿಯೊಂದಿದೆ ಎಂದು ಈ ಕವಿತೆಗಳು ತೋರಿಸುತ್ತವೆ. ಕಲೆಯನ್ನು ಕಲೆಯೆಂದೇ ಹೇಳುವುದು, ನಮ್ಮವರು ಮಾಡಿದ್ದನ್ನು ಮೊದಲು ಹೇಳುವುದು, ಅದರ ಜೊತೆಗೆ ಕತ್ತಲಲ್ಲಿ ಅದುಮಿದ ಕೈಯನ್ನೂ ಮರೆಯದಿರುವುದು. ಇಂದು ಸಂಜೆ ನಿಮ್ಮ ಮನೆಯಲ್ಲಿ ಜಪಸರ ನಡೆಯುವಾಗ ಹೊರಗೆ ಹೆಜ್ಜೆಯ ಸದ್ದು ಕೇಳಿಸಿದರೆ, ಪ್ರಾರ್ಥನೆ ಮುಗಿಯಲಿ ಎಂದು ನೆರೆಯವರು ಅಂಗಳದಲ್ಲಿ ಕಾಯುತ್ತಿರಬಹುದು. ಅವರು ಕದ ತಟ್ಟುವವರೆಗೆ ಕಾಯಬೇಕೆಂದೇನೂ ಇಲ್ಲ.